ಡಾಂಬರು ರಸ್ತೆ ಬೂದಿಬಣ್ಣಕ್ಕೆ ತಿರುಗುವುದೇಕೆ?

ಹೊಸದಾಗಿ ಡಾಂಬರು ಹಾಕಿದ ರಸ್ತೆ ಕಾಡಿಗೆಯಷ್ಟು ಕಪ್ಪು. ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ರಸ್ತೆ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಬಿಸಿಲು ಹೆಚ್ಚಿರುವ ಉಷ್ಣವಲಯದ ನಾಡುಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಏಕೆ?

ರಸ್ತೆಯ ಹುಟ್ಟುಬಣ್ಣವೇ ಜಲ್ಲಿಯದು. 19ನೇ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್‌ಆಡಮ್ ರೂಢಿಗೆ ತಂದ ರಸ್ತೆ ಸಣ್ಣಗೆ ಒಡೆದ ಕಲ್ಲಿನದು. ಕುದುರೆಗಾಡಿಗಳಿಗೆ ಅದು ಸಾಕಾಗಿತ್ತು. ಮೋಟಾರು ಬಂದ ಮೇಲೆ ಊರೆಲ್ಲ ಧೂಳಾಯಿತು. 1902ರಲ್ಲಿ ಮೊನಾಕೊದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಅರ್ನೆಸ್ಟ್ ಗುಗ್ಲಿಯೆಲ್ಮಿನೆಟ್ಟಿ ಧೂಳಡಗಿಸಲು ರಸ್ತೆಗೆ ಬಿಸಿ ಟಾರು ಬಳಿಸಿದ. ಜನ ಅವನನ್ನು 'ಡಾಕ್ಟರ್ ಟಾರು' ಎಂದೇ ಕರೆದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ಗರ್ ಪರ್ನೆಲ್ ಹೂಲಿ 'ಟಾರ್‌ಮ್ಯಾಕ್'ಗೆ ಪೇಟೆಂಟ್ ಪಡೆದ. ರಸ್ತೆಗೆ ಕಪ್ಪು ಬಂದದ್ದು ಹೀಗೆ. ಕಲ್ಲಿದ್ದಲಿನ ಟಾರಿನ ಜಾಗಕ್ಕೆ ಮುಂದೆ ಪೆಟ್ರೋಲಿಯಂನಿಂದ ದೊರೆಯುವ ಬಿಟುಮೆನ್ ಬಂತು. ನಮಗೆ ಎರಡೂ ಡಾಂಬರೇ.

ಜಲ್ಲಿಗೆ ಅಂಟಿದ ಡಾಂಬರಿನ ಪೊರೆ ಕೂದಲೆಳೆಗಿಂತಲೂ ತೆಳು. ಬಿಸಿಲಿನ ಅತಿನೇರಳೆ ಕಿರಣ ಹಾಗೂ ಗಾಳಿಯ ಆಮ್ಲಜನಕ ಸೇರಿ ಅದನ್ನು ಗಡುಸಾಗಿಸುತ್ತವೆ; ಸೆಕೆ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ಗಡುಸಾದ ಪೊರೆಯನ್ನು ಗಾಲಿಗಳು ಉಜ್ಜಿ ತೆಗೆಯುತ್ತವೆ. ಆಗ ಕಾಣುವುದು ಕಲ್ಲು. ಬೆಂಗಳೂರು, ಮೈಸೂರು ಕಡೆಯ ಕಲ್ಲು ಹೆಚ್ಚಾಗಿ ಬೂದಿಬಣ್ಣದ್ದು, ರಸ್ತೆಯೂ ಹಾಗೆಯೇ. ವಿಜಯಪುರದ ಕಡೆ ಸಿಗುವುದು ಕಪ್ಪು ಬಸಾಲ್ಟ್. ಅದರ ಜಲ್ಲಿ ಹಾಕಿದ ರಸ್ತೆ ಸವೆದರೂ ಅಷ್ಟಾಗಿ ಬೆಳ್ಳಗಾಗದು.

ಒಣಗಿರುವುದೂ ಒಂದು ಕಾರಣ. ಮಳೆ ಬಿದ್ದೊಡನೆ ಬಿಳಿಚಿದ ರಸ್ತೆ ಮತ್ತೆ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಒದ್ದೆ ನೆಲ ಬೆಳಕನ್ನು ಹೆಚ್ಚು ಹೀರುತ್ತದೆ. ಸದಾ ತುಂತುರು ಹನಿಯುವ ಚಳಿನಾಡಿನ ರಸ್ತೆ ಬಹುಪಾಲು ದಿನ ಕಪ್ಪಗಿದ್ದರೆ, ನಮ್ಮದರ ಮೇಲೆ ತಿಂಗಳುಗಟ್ಟಲೆ ಒಣಬಿಸಿಲು, ಜೊತೆಗೆ ಧೂಳು.

ಈ ಬಣ್ಣದಿಂದ ಒಂದು ಲಾಭವುಂಟು. ಹೊಸ ಡಾಂಬರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ. 90ಕ್ಕೂ ಹೆಚ್ಚು ಭಾಗವನ್ನು ನುಂಗಿ ಕಾಯುತ್ತದೆ. ಬಿಳಿಚಿದ ರಸ್ತೆಯ ಕಾವು ಕೊಂಚ ಕಡಿಮೆ. ಬದಿಯಲ್ಲಿ ತರಕಾರಿ ಹರಡಿ ಕೂತವರಿಗೆ, ಬರಿಗಾಲಲ್ಲಿ ನಡೆಯುವವರಿಗೆ ಅಷ್ಟೇ ನೆಮ್ಮದಿ.

ಆದರೆ ಅದೊಂದು ಎಚ್ಚರಿಕೆಯೂ ಹೌದು. ಗಡುಸಾದ ಡಾಂಬರು ಬಾಗದು, ಬಿರಿಯುತ್ತದೆ. ಬಿರುಕಿಗೆ ಮಳೆನೀರು ಇಳಿದರೆ ಜಲ್ಲಿ ಸಡಿಲಗೊಂಡು ಗುಂಡಿ ಬೀಳುತ್ತದೆ. ಗುಂಡಿ ಮಳೆಗಾಲದಲ್ಲಿ ಕಂಡರೂ ಅದರ ಮೊದಲ ಸುಳಿವು ಬೇಸಿಗೆಯಲ್ಲೇ ಸಿಕ್ಕಿರುತ್ತದೆ. ರಸ್ತೆ ಬೆಳ್ಳಗಾದಾಗಲೇ ಬಿರುಕು ಹುಡುಕಿ ಮುಚ್ಚುವುದು ಅಗ್ಗದ ಕೆಲಸ. ಮುಂಗಾರು ಬಂದ ಮೇಲೆ ಅದೇ ದುಬಾರಿ.