ಗಾಯಕನ ಮುಖದ ಮೇಲಿನ ಬೆಳಕು

ಪಾಶ್ಚಾತ್ಯ ರಾಕ್ ಸಂಗೀತದ ತಂಡವೊಂದು ವೇದಿಕೆಯ ಮೇಲೆ ನಿಂತು ಹಾಡುವುದನ್ನು ಚಿತ್ರೀಕರಿಸುವ ಕಾರ್ಯವು ಮೊದಲ ನೋಟಕ್ಕೆ ಬಹು ಸರಳವೆಂದು ತೋರುವುದು. ಆದರೆ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತವನಿಗಾಗಿ ಬೆಳಗುವ ದೀಪಕ್ಕೂ, ಗಾಯಕನ ಮುಖದಿಂದ ನಾಲ್ಕು ಮೊಳ ದೂರದಲ್ಲಿರುವ ಮಸೂರಕ್ಕಾಗಿ ಬೆಳಗುವ ದೀಪಕ್ಕೂ ಸ್ವಭಾವದಲ್ಲಿಯೇ ಭೇದವಿದೆ. ಮೊದಲನೆಯದು ದೂರವನ್ನು ಗೆಲ್ಲಬೇಕಾದುದರಿಂದ ಗಾಢವರ್ಣಗಳನ್ನೂ ಪ್ರಖರತೆಯನ್ನೂ ಆಶ್ರಯಿಸುವುದು. ಎರಡನೆಯದು ಕೆನ್ನೆಯ ಏರಿಳಿತವನ್ನೂ ಕಣ್ಣಿನ ಹೊಳಪನ್ನೂ ಹಣೆಯ ಬೆವರನ್ನೂ ಕಾಣಿಸಬೇಕಾದುದರಿಂದ ಬೆಳಕಿನಷ್ಟೇ ನೆರಳನ್ನೂ ಬಯಸುವುದು. ಮನುಷ್ಯನ ಕಣ್ಣು ಕತ್ತಲೆಗೂ ಬೆಳಕಿಗೂ ಹೊಂದಿಕೊಳ್ಳುವಂತೆ ಫಿಲ್ಮು ಹೊಂದಿಕೊಳ್ಳಲಾರದು; ಸಭಿಕರಿಗೆ ರಮ್ಯವಾಗಿ ಕಂಡ ಕೆಂಪು ಬೆಳಕು ತೆರೆಯ ಮೇಲೆ ಗಾಯಕನ ಕಣ್ಣುಮೂಗುಗಳ ರೇಖೆಯನ್ನೇ ಅಳಿಸಿಬಿಡುವುದುಂಟು. ಈ ಎರಡು ಬೆಳಕುಗಳ ನಡುವಣ ವ್ಯಾಜ್ಯವೇ ರಾಕ್ ತಂಡಗಳ ಗಾಯನಚಿತ್ರಗಳ ಚರಿತ್ರೆಯೆಂದು ನನ್ನ ನಂಬಿಕೆ.

ದೀಪವನ್ನು ಮಸೂರದ ವಶಕ್ಕೆ ಧೈರ್ಯವಾಗಿ ಒಪ್ಪಿಸಿದವರಲ್ಲಿ ರಿಚರ್ಡ್ ಲೆಸ್ಟರನನ್ನು ಮೊದಲು ನೆನೆಯಬೇಕು. 1964ರಲ್ಲಿ ಆತನು ಬೀಟಲ್ಸ್ ತಂಡವನ್ನಿಟ್ಟುಕೊಂಡು ನಿರ್ದೇಶಿಸಿದ ‘ಎ ಹಾರ್ಡ್ ಡೇಸ್ ನೈಟ್’ ಎಂಬ ಕಪ್ಪುಬಿಳುಪಿನ ಚಿತ್ರದಲ್ಲಿ, ಲಂಡನ್ನಿನ ಸ್ಕಾಲಾ ನಾಟಕಶಾಲೆಯ ವೇದಿಕೆಯ ಮೇಲೆ ಪಾಲ್ ಮೆಕಾರ್ಟ್ನಿ ಒಂದು ಪ್ರೇಮಗೀತೆಯನ್ನು ಹಾಡುತ್ತಿರುವಾಗ, ಕ್ಯಾಮೆರಾ ಅವನ ಪಾರ್ಶ್ವಮುಖವನ್ನು ಬಳಸಿ ಮೆಲ್ಲಗೆ ಸುತ್ತುತ್ತದೆ. ಆ ಮಾರ್ಗದಲ್ಲಿ ಹಿಂಬದಿಯ ದೀಪವೊಂದು ನೇರವಾಗಿ ಮಸೂರದೊಳಕ್ಕೆ ಹೊಕ್ಕು ಪ್ರಜ್ವಲಿಸುತ್ತದೆ. ಸ್ಟುಡಿಯೋಗಳ ಶಿಷ್ಟಾಚಾರದಲ್ಲಿ ದೋಷವೆಂದೆನಿಸಿಕೊಳ್ಳುತ್ತಿದ್ದ ಈ ಪ್ರಭೆಯನ್ನು ಲೆಸ್ಟರನೂ ಅವನ ಛಾಯಾಗ್ರಾಹಕ ಗಿಲ್ಬರ್ಟ್ ಟೇಲರನೂ ಚಿತ್ರದಲ್ಲಿ ಉಳಿಸಿಕೊಂಡರು. ಇಂದು ಹಿಂಬದಿಯ ದೀಪವು ಕಣ್ಣಿಗೆ ಹೊಡೆಯದ ರಾಕ್ ಗಾಯನಚಿತ್ರವನ್ನು ಹುಡುಕಿ ತೆಗೆಯಬೇಕಾಗುತ್ತದೆ.

ಈ ಕಲೆಯ ಚರಿತ್ರೆಯಲ್ಲಿ ನಿಜವಾದ ಸಂಧಿಕಾಲವೆಂದರೆ 1975ರ ನವೆಂಬರ್ 10. ಅಂದು ಲಂಡನ್ನಿನ ಹೊರವಲಯದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ, ಸಂಚಾರ ಹೊರಡುವ ಮುನ್ನ ತಾಲೀಮು ನಡೆಸುತ್ತಿದ್ದ ಕ್ವೀನ್ ತಂಡದವರು ‘ಬೊಹೀಮಿಯನ್ ರಾಪ್ಸಡಿ’ ಎಂಬ ತಮ್ಮ ಹೊಸ ಹಾಡಿನ ಚಿತ್ರವನ್ನು ಬ್ರೂಸ್ ಗೋವರ್ಸನ ನಿರ್ದೇಶನದಲ್ಲಿ ವಿಡಿಯೋ ಟೇಪಿನ ಮೇಲೆ ಸುಮಾರು ನಾಲ್ಕು ಗಂಟೆಗಳಲ್ಲಿ ತೆಗೆಸಿದರು. ಖರ್ಚು ಐದು ಸಾವಿರ ಪೌಂಡನ್ನೂ ಮುಟ್ಟಲಿಲ್ಲ. ಆ ಹಾಡು ಆರು ನಿಮಿಷಗಳಿಗೆ ತುಸುವೇ ಕಡಮೆ. ಅದರ ಮಧ್ಯಭಾಗದಲ್ಲಿ ಮೂವರ ಕಂಠಗಳನ್ನು ಮತ್ತೆ ಮತ್ತೆ ಮುದ್ರಿಸಿ ಒಂದರ ಮೇಲೊಂದು ಪೇರಿಸಿ ಕಟ್ಟಿದ ಆಪೆರಾ ಶೈಲಿಯ ವೃಂದಗಾನವಿದೆ. ನಾಲ್ವರು ವೇದಿಕೆಯ ಮೇಲೆ ನಿಂತು ಅದನ್ನು ಹಾಡುವುದು ಅಶಕ್ಯ. ಟೆಲಿವಿಷನ್ ಸ್ಟುಡಿಯೋದಲ್ಲಿ ತುಟಿಯಾಡಿಸಿ ನಟಿಸಿದರೆ ಅದು ಅಭಾಸ. ಈ ಕಷ್ಟದಿಂದಲೇ ಚಿತ್ರದ ಸೊಗಸು ಹುಟ್ಟಿತು.

ಚಿತ್ರದ ಪ್ರಾರಂಭದಲ್ಲಿ ಕಾಣುವುದು ನಾಲ್ಕು ಛಾಯಾಕೃತಿಗಳು ಮಾತ್ರ. ಅನಂತರ ಮೇಲಿನಿಂದಿಳಿದ ಬೆಳಕಿನಲ್ಲಿ ಕಗ್ಗತ್ತಲೆಯ ಮಧ್ಯೆ ನಾಲ್ಕು ಮುಖಗಳು ತೇಲಿಬರುತ್ತವೆ. ಹುಬ್ಬಿನ ಕೆಳಗೆ ನೆರಳು, ಕೆನ್ನೆಯೆಲುಬಿನ ಮೇಲೆ ಹೊಳಪು, ಹಿನ್ನೆಲೆಯಲ್ಲಿ ಶೂನ್ಯ. ಈ ವಿನ್ಯಾಸವು ಹಿಂದಿನ ವರ್ಷ ಮಿಕ್ ರಾಕ್ ಎಂಬ ಛಾಯಾಚಿತ್ರಕಾರನು ತಂಡದ ಎರಡನೆಯ ಆಲ್ಬಮ್ಮಿನ ಹೊದಿಕೆಗಾಗಿ ತೆಗೆದ ಭಾವಚಿತ್ರದಿಂದ ಬಂದುದು. ಆತನಿಗೆ ಅದರ ಸ್ಫೂರ್ತಿ ದೊರೆತದ್ದು 1932ರ ‘ಷಾಂಘೈ ಎಕ್ಸ್‌ಪ್ರೆಸ್’ ಚಿತ್ರದ ಕಾಲದ ಮಾರ್ಲೀನ್ ಡೀಟ್ರಿಚಳ ಭಾವಚಿತ್ರದಿಂದ. ಒಬ್ಬ ನಟಿಯ ಸೌಂದರ್ಯಕ್ಕಾಗಿ ಹಾಲಿವುಡ್ಡಿನ ಕುಶಲಿಗಳು ಎತ್ತರದಲ್ಲಿ ಕಟ್ಟಿದ ದೀಪವು ನಾಲ್ಕು ದಶಕಗಳನ್ನು ದಾಟಿ ಬಂದು ಇಂಗ್ಲೆಂಡಿನ ನಾಲ್ವರು ಸಂಗೀತಗಾರರ ಮೇಲೆ ಬಿದ್ದುದು ನನಗೆ ಈ ಚರಿತ್ರೆಯಲ್ಲಿನ ಅತ್ಯಂತ ಪ್ರಿಯವಾದ ಸಂಗತಿ. ಒಂದು ಮುಖವು ಅನೇಕವಾಗಿ ಕಾಣುವುದಕ್ಕೆ ಮಸೂರದ ಮುಂದಿಟ್ಟ ಪಟ್ಟಕದ ಗಾಜೇ ಕಾರಣ. ಮುಖದ ಹಿಂದೆ ಮುಖಗಳ ಸಾಲು ಹರಿದು ದೂರವಾಗುವುದಕ್ಕೆ ಕ್ಯಾಮೆರಾವನ್ನು ಅದರದೇ ಬಿಂಬವು ಮೂಡುತ್ತಿದ್ದ ಟೆಲಿವಿಷನ್ ಪರದೆಯತ್ತ ತಿರುಗಿಸಿದುದೇ ಕಾರಣ. ಇವೆಲ್ಲ ಚಿತ್ರೀಕರಣದ ಸ್ಥಳದಲ್ಲಿಯೇ, ಕೈಗೆ ಸಿಕ್ಕ ಸಾಧನಗಳಿಂದಲೇ ಆದುವು.

ಇದಕ್ಕಿಂತ ಹಿರಿದಾದ ಗುಣವೊಂದು ಆ ಚಿತ್ರದಲ್ಲಿದೆ. ಪಿಯಾನೋದ ಮುಂದೆ ಕುಳಿತು ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಹಾಡುವ ಭಾಗದಲ್ಲಿ ವೇದಿಕೆಯ ಬಣ್ಣದ ದೀಪಗಳಿವೆ. ವೃಂದಗಾನ ಬಂದೊಡನೆ ವೇದಿಕೆಯೇ ಮಾಯವಾಗಿ, ಕತ್ತಲೆಯೂ ಮುಖಗಳೂ ಮಾತ್ರ ಉಳಿಯುತ್ತವೆ. ಅದು ಮುಗಿದು ಗಿಟಾರು ಗರ್ಜಿಸಿದ ಕ್ಷಣದಲ್ಲಿ ವೇದಿಕೆಯ ದೀಪಗಳೆಲ್ಲ ಮರಳಿ ಧಗ್ಗನೆ ಹೊತ್ತಿಕೊಳ್ಳುತ್ತವೆ. ಸಭೆಯ ಬೆಳಕೂ ಮಸೂರದ ಬೆಳಕೂ ಒಂದೇ ಹಾಡಿನಲ್ಲಿ ಹೀಗೆ ಸರದಿಯಾಗಿ ಬರುವುದರಿಂದ, ಸಂಗೀತದ ಸಂಧಿಗಳನ್ನು ಕಿವಿಯು ಅರಿಯುವಷ್ಟೇ ಸ್ಫುಟವಾಗಿ ಕಣ್ಣೂ ಅರಿಯುವುದು. ಅದೇ ನವೆಂಬರ್ 20ರಂದು ಬಿ.ಬಿ.ಸಿ.ಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ ಇದು ಪ್ರಸಾರವಾಯಿತು. ಹಾಡು ಒಂಬತ್ತು ವಾರ ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಪ್ರಥಮಸ್ಥಾನದಲ್ಲಿದ್ದಿತು.

ಮುಂದಿನ ವರ್ಷ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಸಭಾಂಗಣದಲ್ಲಿ ದ ಬ್ಯಾಂಡ್ ಎಂಬ ತಂಡದ ವಿದಾಯ ಕಛೇರಿಯನ್ನು ಮಾರ್ಟಿನ್ ಸ್ಕೋರ್ಸೇಸಿ 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರೀಕರಿಸಿದನು. ‘ದ ಲಾಸ್ಟ್ ವಾಲ್ಟ್ಜ್’ ಎಂಬ ಹೆಸರಿನಿಂದ ಅದು 1978ರಲ್ಲಿ ತೆರೆಗೆ ಬಂದಿತು. ಯಾವ ಸಾಲಿಗೆ ಯಾವ ದೀಪ, ಯಾವ ಕ್ಯಾಮೆರಾ ಎತ್ತ ತಿರುಗತಕ್ಕದ್ದು ಎಂಬುದನ್ನೆಲ್ಲ ಸಾಹಿತ್ಯದ ಪಕ್ಕದಲ್ಲಿ ಬರೆದಿಟ್ಟ ನೂರಾರು ಪುಟಗಳ ಹೊತ್ತಗೆ ಅವನ ಬಳಿ ಸಿದ್ಧವಾಗಿದ್ದಿತು. ಆದರೂ ಅತಿಥಿಗಾಯಕ ಮಡ್ಡಿ ವಾಟರ್ಸ್ ಹಾಡಲು ನಿಂತಾಗ ಉಳಿದ ಕ್ಯಾಮೆರಾಗಳೆಲ್ಲ ನಿಂತಿದ್ದು, ಛಾಯಾಗ್ರಾಹಕ ಲಾಸ್ಲೋ ಕೋವಾಕ್ಸನ ಕ್ಯಾಮೆರಾ ಒಂದೇ ಓಡುತ್ತಿದ್ದಿತು. ಹೀಗೆ ಅನಿವಾರ್ಯವಾಗಿ ಒಂದೇ ಕಣ್ಣು ಬಿಡದೆ ನೋಡಿದ ಆ ಹಾಡು ಇಡೀ ಚಿತ್ರದಲ್ಲಿ ಅತ್ಯುತ್ಕೃಷ್ಟವಾದ ಭಾಗವೆಂದು ನಾನು ಬಗೆಯುತ್ತೇನೆ. ಗಾಯಕನ ಮೇಲೆ ನಂಬಿಕೆಯಿದ್ದಲ್ಲಿ ಕತ್ತರಿಗೆ ಕೆಲಸ ಕಡಮೆ.

1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂ.ಟಿ.ವಿ. ಎಂಬ ಸಂಗೀತದ ಟೆಲಿವಿಷನ್ ವಾಹಿನಿ ಪ್ರಾರಂಭವಾದ ಮೇಲೆ ಗಾಯನಚಿತ್ರಗಳ ಪ್ರವಾಹವೇ ಹರಿಯಿತು; ಹೊಗೆ, ವರ್ಣದೀಪ, ಕ್ಷಣಕ್ಕೊಂದು ನೋಟ, ಇವು ರೂಢಿಯಾದುವು. ಆ ರೂಢಿಗೆ ಎದುರಾಗಿ ನಿಂತ ಕೃತಿಯೆಂದರೆ, ಟಾಕಿಂಗ್ ಹೆಡ್ಸ್ ತಂಡವು 1983ರ ಡಿಸೆಂಬರಿನಲ್ಲಿ ಹಾಲಿವುಡ್ಡಿನ ಪ್ಯಾಂಟೇಜಸ್ ನಾಟಕಶಾಲೆಯಲ್ಲಿ ನಡೆಸಿದ ಕಛೇರಿಗಳಿಂದ ಜೊನಾಥನ್ ಡೆಮ್ಮಿಯು ರೂಪಿಸಿದ ‘ಸ್ಟಾಪ್ ಮೇಕಿಂಗ್ ಸೆನ್ಸ್’. ತಂಡದ ನಾಯಕ ಡೇವಿಡ್ ಬರ್ನ್ ಬರಿದಾದ ವೇದಿಕೆಗೆ ಗಿಟಾರನ್ನೂ ಟೇಪ್ ರೆಕಾರ್ಡರನ್ನೂ ಹಿಡಿದು ಒಬ್ಬನೇ ಬರುತ್ತಾನೆ. ಒಂದೊಂದು ಹಾಡಿಗೆ ಒಬ್ಬೊಬ್ಬರಂತೆ ಉಳಿದವರು ಕೂಡಿಕೊಳ್ಳುತ್ತಾರೆ. ಕಪ್ಪುಡುಪಿನ ಕೆಲಸಗಾರರು ವಾದ್ಯಗಳನ್ನು ಎಲ್ಲರ ಕಣ್ಣೆದುರಿಗೇ ತಳ್ಳಿಕೊಂಡು ಬರುತ್ತಾರೆ. ದೀಪವಿನ್ಯಾಸಕಿ ಬೆವರ್ಲಿ ಎಮನ್ಸಳ ನೆರವಿನಿಂದ ಬರ್ನ್ ವೇದಿಕೆಗೆ ಆರಿಸಿಕೊಂಡದ್ದು ಬಹುಮಟ್ಟಿಗೆ ಶುಭ್ರವಾದ ಬಿಳಿಯ ಬೆಳಕನ್ನು. ‘ಬ್ಲೇಡ್ ರನ್ನರ್’ ಚಿತ್ರದ ಛಾಯಾಗ್ರಾಹಕ ಜೋರ್ಡನ್ ಕ್ರೋನೆನ್‌ವೆತ್ ಅದನ್ನು ಕೆಡಿಸದೆ ಫಿಲ್ಮಿಗೆ ಇಳಿಸಿದನು. ಒಂದು ಹಾಡಿನಲ್ಲಿ ದೀಪಗಳು ಕೆಳಗಿನಿಂದ ಬೆಳಗಿ, ಮುಖಗಳು ಉಗ್ರವಾಗಿ, ಹಿಂದಿನ ತೆರೆಯ ಮೇಲೆ ಆಳೆತ್ತರವನ್ನು ಮೀರಿದ ನೆರಳುಗಳು ಕುಣಿಯುತ್ತವೆ. ಮತ್ತೊಂದರಲ್ಲಿ ಮನೆಯ ಕೋಣೆಯಲ್ಲಿರುವಂಥ ಉದ್ದ ಕಂಬದ ದೀಪವೊಂದೇ ಬರ್ನನ ನೃತ್ಯಸಂಗಾತಿ. ಇಲ್ಲಿ ಸಭೆಗೆ ಒಂದು ಬೆಳಕು, ಮಸೂರಕ್ಕೆ ಇನ್ನೊಂದು ಎಂಬ ಭೇದವೇ ಇಲ್ಲ. ಚಿತ್ರೀಕರಣದ ನಡುವೆ ಪ್ರೇಕ್ಷಕರನ್ನು ಕಾಣಿಸಬೇಕೆಂದು ಅವರ ಮೇಲೆ ದೀಪ ಹಾಯಿಸಿದಾಗ ಸಭಿಕರು ಮುದುಡಿಕೊಂಡರೆಂದೂ, ತಂಡದ ಹುರುಪು ಕುಗ್ಗಿತೆಂದೂ ಡೆಮ್ಮಿ ಹೇಳಿಕೊಂಡಿದ್ದಾನೆ. ಆದುದರಿಂದ ಕಡೆಯ ಹಾಡಿನವರೆಗೂ ಚಿತ್ರದಲ್ಲಿ ಪ್ರೇಕ್ಷಕರ ಮುಖ ಕಾಣುವುದು ಅತಿ ವಿರಳ.

1991ರಲ್ಲಿ ನಿರ್ವಾಣ ತಂಡದ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಹಾಡಿಗಾಗಿ ಸ್ಯಾಮುಯೆಲ್ ಬೇಯರ್ ತೆಗೆದ ಚಿತ್ರದಲ್ಲಿ ಶಾಲೆಯ ವ್ಯಾಯಾಮಶಾಲೆಯಂತೆ ಕಟ್ಟಿದ ಸೆಟ್ಟು, ಧೂಳುಹೊಗೆಯ ನಡುವೆ ಹಳದಿಗಟ್ಟಿದ ಬೆಳಕು, ಕೂದಲ ಮರೆಯಲ್ಲಿ ಮುಸುಕಾದ ಗಾಯಕ. ಮೊದಲ ಸಂಕಲನವು ಆ ಗಾಯಕ ಕರ್ಟ್ ಕೋಬೇನನಿಗೆ ಒಪ್ಪಿಗೆಯಾಗಲಿಲ್ಲ. ತಾನೇ ಕುಳಿತು ತಿದ್ದಿಸಿ, ಕೊನೆಯ ಹೊತ್ತಿಗೆ ತನ್ನ ಮುಖವು ಮಸೂರದ ತೀರ ಸಮೀಪಕ್ಕೆ ಬರುವ ನೋಟವೊಂದನ್ನು ಸೇರಿಸಿದನು. ಆ ನಿರ್ಣಯವು ಯುಕ್ತವಾದುದೇ. ಅದಕ್ಕೆ ಮುನ್ನ ಅಷ್ಟು ಹೊತ್ತು ಮುಖವನ್ನು ಮಬ್ಬಿನಲ್ಲಿಟ್ಟಿದ್ದ ಬೇಯರನ ದೀಪಗಳಿಲ್ಲದಿದ್ದರೆ ಆ ಒಂದು ನೋಟಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ.