ದರಕು, ಸಗಣಿ, ನೀಲಿ ಉರಿ

ಕಾರವಾರ, ಅಂಕೋಲೆಯ ಹಳೆಯ ಕೊಟ್ಟಿಗೆಗಳಲ್ಲಿ ದನ ಕಟ್ಟುತ್ತಿದ್ದುದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಇಲ್ಲಿನ ಮಲೆನಾಡು ಗಿಡ್ಡ ತಳಿಯ ದನದ ಹಾಲು ಮನೆಮಕ್ಕಳಿಗೆ ಸಾಕಾದರೆ ಪುಣ್ಯ. ಆದರೆ ಮಳೆಯ ಹೊಡೆತಕ್ಕೆ ಸಾರ ಕಳೆದುಕೊಳ್ಳುವ ಕರಾವಳಿಯ ಗದ್ದೆಗೆ ಅದರ ಸಗಣಿ ಬೇಕೇ ಬೇಕಿತ್ತು. ಬೇಸಿಗೆಯಲ್ಲಿ ಬೆಟ್ಟದಿಂದ ಗುಡಿಸಿ ತಂದ ದರಕು (ಒಣಗಿದ ಎಲೆ), ಮಳೆಗಾಲದಲ್ಲಿ ಕಡಿದು ತಂದ ಹಸಿಸೊಪ್ಪು ದನದ ಕಾಲಡಿಯ ಹಾಸಾಗುತ್ತಿತ್ತು. ಸಗಣಿ, ಗಂಜಲದಲ್ಲಿ ನೆನೆದು, ಗೊರಸಿನಡಿ ನುರಿದು, ಕೊನೆಗೆ ಅದು ಗೊಬ್ಬರಗುಂಡಿ ಸೇರುತ್ತಿತ್ತು.

ಹಾಗಾಗಿ ಕೊಟ್ಟಿಗೆಯ ಚರಿತ್ರೆ ಕಾಡಿನ ಹಕ್ಕಿನ ಚರಿತ್ರೆಯೂ ಹೌದು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕಾಡು ಮೀಸಲಾಗುತ್ತ ಹೋದಂತೆ ಮೇವು, ಸೊಪ್ಪಿನ ತಕರಾರು ಬೆಳೆಯಿತು. 1880ರ ದಶಕದಲ್ಲಿ ಜಿಲ್ಲೆಯ ಜನ ವನದುಃಖ ನಿವಾರಣಾ ಸಭೆಯನ್ನೇ ಕಟ್ಟಿಕೊಂಡರು. ಆ ಹೆಸರಿನಲ್ಲೇ ಅವರ ಸಂಕಟವಿದೆ. ಕರಾವಳಿ ತಾಲ್ಲೂಕುಗಳ ಅರಣ್ಯ ವ್ಯವಸ್ಥೆಯಲ್ಲಿ ಆಗಬೇಕಾದ ಬದಲಾವಣೆಗಳ ಬಗ್ಗೆ ಕಾಲಿನ್ಸ್ ಎಂಬ ಅಧಿಕಾರಿಯ ವರದಿ ಬಂದದ್ದು 1921ರಲ್ಲಿ.

ಸಗಣಿಗೆ ಗೊಬ್ಬರವಲ್ಲದೆ ಇನ್ನೊಂದು ಬಳಕೆಯೂ ಬಂತು: ಅನಿಲ. ಮುಂಬಯಿ ಪ್ರಾಂತ್ಯದ ರಾಜಧಾನಿಯಲ್ಲಿ, ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ, 1897ರಲ್ಲೇ ಮಲದಿಂದ ಹುಟ್ಟಿದ ಅನಿಲದಲ್ಲಿ ದೀಪ ಉರಿದಿತ್ತು. ಅಂಥ ಅನಿಲ ರೈತರ ಅಂಗಳಕ್ಕೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಜಶಭಾಯಿ ಪಟೇಲರು 1950ರ ದಶಕದಲ್ಲಿ ರೂಪಿಸಿದ ತೇಲುವ ಡ್ರಮ್ಮಿನ ಸಗಣಿ ಅನಿಲ ಸ್ಥಾವರವನ್ನು ಖಾದಿ ಆಯೋಗ 1960ರ ದಶಕದಲ್ಲಿ ಹಳ್ಳಿಗಳಿಗೆ ಒಯ್ದಿತು. 1981ರಲ್ಲಿ ರಾಷ್ಟ್ರೀಯ ಯೋಜನೆ ಬಂದ ಮೇಲೆ ಗೋಬರ್ ಗ್ಯಾಸ್ ಮನೆಮಾತಾಯಿತು.

ಜಿಲ್ಲೆಯಲ್ಲಿ ಅದು ಎದ್ದು ಕಾಣುವಂತೆ ಗೆದ್ದದ್ದು ಘಟ್ಟದ ಮೇಲಿನ ಶಿರಸಿಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿನ ಸ್ಥಾವರಗಳನ್ನು ಪರಿಶೀಲಿಸಿ 2001ರಲ್ಲಿ ಬರೆದ ಪ್ರಬಂಧ ಅದನ್ನು ಯಶಸ್ಸಿನ ಕಥೆ ಎಂದೇ ಕರೆಯಿತು. ಕಟ್ಟಿಕೊಟ್ಟವರೇ ರಿಪೇರಿಗೂ ಬರುತ್ತಿದ್ದುದು ಅದಕ್ಕೊಂದು ಕಾರಣ. ಇನ್ನೊಂದು, ಅಡಿಕೆ ತೋಟದ ಮನೆಗಳಲ್ಲಿ ಕಟ್ಟಿ ಸಾಕುವ ದನ. ಒಂದು ಘನಮೀಟರ್ ಗ್ಯಾಸಿಗೆ ಸುಮಾರು 25 ಕಿಲೋ ಸಗಣಿ ಬೇಕು. ದಿನವಿಡೀ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಮೇದು ಸಂಜೆ ಮನೆಗೆ ಬರುವ ಗಿಡ್ಡ ತಳಿಯ ದನ ಕೊಟ್ಟಿಗೆಯಲ್ಲಿ ಬಿಡುವುದು ರಾತ್ರಿಯ ಪಾಲನ್ನು ಮಾತ್ರ. ಒಂದೆರಡು ದನ ಉಳ್ಳ ಕರಾವಳಿಯ ಒಕ್ಕಲಿಗೆ ಈ ಲೆಕ್ಕ ಹೊಂದುವುದು ಕಷ್ಟ.

ಹಾಸಿನದ್ದೂ ಒಂದು ತೊಡಕಿತ್ತು. ಸೊಪ್ಪು, ದರಕು ಬೆರೆತ ಸಗಣಿ ಗ್ಯಾಸಿನ ತೊಟ್ಟಿಗೆ ಆಗದು, ಕೊಳವೆ ಕಟ್ಟಿಕೊಳ್ಳುತ್ತದೆ. ಬೆಳಗ್ಗೆ ಬುಟ್ಟಿ ತುಂಬಿದ ಸಗಣಿಗೆ ಅಷ್ಟೇ ನೀರು ಸುರಿದು, ಮೊಣಕೈವರೆಗೆ ಕೈಯಾಡಿಸಿ, ಹುಲ್ಲುಕಡ್ಡಿಗಳನ್ನು ಆರಿಸಿ ತೆಗೆದು, ಗಂಟಿಲ್ಲದಂತೆ ಕದಡಿ ಬಿಡಬೇಕು. ಹಾಗಾದರೆ ಗದ್ದೆಯ ಗೊಬ್ಬರದ ಗತಿ? ಉತ್ತರ ಕೊಟ್ಟವರು ರೈತರೇ: ತೊಟ್ಟಿಯಿಂದ ಹೊರಬಂದ ಸ್ಲರಿಯನ್ನು, ಅಂದರೆ ಸಗಣಿಯ ರಾಡಿಯನ್ನು, ದರಕಿನ ಗುಂಡಿಗೆ ಹರಿಸಿದರು. ಒಲೆಗೂ ಉರಿ, ಗದ್ದೆಗೂ ಗೊಬ್ಬರ. ಈ ಜಾಣ್ಮೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಇದರಲ್ಲಿ ಹವಾಮಾನದ ಲೆಕ್ಕವೂ ಇದೆ. ಗೋಬರ್ ಗ್ಯಾಸಿನ ಅರ್ಧಕ್ಕಿಂತ ಹೆಚ್ಚು ಭಾಗ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಒಲೆಯಲ್ಲಿ ಉರಿದರೆ ಆ ಕಾವು ಬಹುಪಾಲು ತಗ್ಗುತ್ತದೆ, ಕಟ್ಟಿಗೆಯೂ ಉಳಿಯುತ್ತದೆ. ತೊಟ್ಟಿಯ ಬಿರುಕುಬಿಟ್ಟ ಗುಮ್ಮಟದಿಂದ ಸೋರಿದರೆ ಮಾತ್ರ ಲಾಭಕ್ಕೆ ಅಷ್ಟಷ್ಟೇ ಕತ್ತರಿ. ದನದಿಂದ ಬರುವ ಮೀಥೇನಿನ ದೊಡ್ಡ ಪಾಲಿಗೆ ಸಗಣಿ ಕಾರಣವಲ್ಲ. ಅದು ಮೆಲುಕು ಹಾಕುವ ಹೊಟ್ಟೆಯಲ್ಲಿ ಹುಟ್ಟಿ ಬಾಯಿಂದ ಹೊರಬರುತ್ತದೆ. ಅದನ್ನು ತಗ್ಗಿಸಲೆಂದು ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ 'ಹರಿತ್ ಧಾರಾ' ಎಂಬ ಪೂರಕ ಆಹಾರ ರೂಪಿಸಿದೆ. ಮೀಥೇನನ್ನು ಶೇ. 17–20ರಷ್ಟು ತಗ್ಗಿಸುತ್ತದೆಂಬುದು ಸಂಸ್ಥೆಯ ಹೇಳಿಕೆ.

ಈ ನಡುವೆ ಕರಾವಳಿಯ ಕೊಟ್ಟಿಗೆಗಳೇ ಕಡಿಮೆಯಾದವು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಗದ್ದೆ, ಬೇಣ ಹಿಂದೆ ಉಳಿದವು. ಮಿಕ್ಕ ಊರುಗಳಲ್ಲೂ ಸಿಲಿಂಡರ್ ಬಂದಮೇಲೆ ಸಗಣಿ ಕದಡುವ ಕೈಗಳು ವಿರಳ. ಪೂರಕ ಆಹಾರ ಇಲ್ಲಿಗೆ ಬಂದರೂ ಬೇಣದಲ್ಲಿ ಮೇಯುವ ಗಿಡ್ಡಕ್ಕೆ ಅದನ್ನು ತಿನ್ನಿಸಲು ಸಂಜೆಯ ಅಕ್ಕಚ್ಚಿನ ಹೊತ್ತೊಂದೇ ಸಿಗುವುದು. ಒಂದೆರಡು ದನದ ಮನೆಗಳು ನಾಲ್ಕಾರು ಸೇರಿ ಒಂದು ತೊಟ್ಟಿ ಕಟ್ಟಿಕೊಂಡರೆ ಸಗಣಿಯ ಕೊರತೆ ನೀಗೀತು. ಆಗ ಸ್ಲರಿಯನ್ನು ಮನೆವಾರು ಹಂಚಿಕೊಳ್ಳುವ ಕ್ರಮವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.