ಉತ್ಸಾಹವೆಂಬ ಮಾತು

ಮನಸ್ಸು ಹಗುರಾಗಿ, ಮೈ ಕೆಲಸಕ್ಕೆ ತವಕಿಸುವ ಸ್ಥಿತಿಯನ್ನು ಹೇಳಲು ಕನ್ನಡದಲ್ಲಿ ಮಾತಿಗೆ ಬಡತನವಿಲ್ಲ. ಲವಲವಿಕೆ, ಹುರುಪು, ಚುರುಕು, ಉಲ್ಲಾಸ, ಚೈತನ್ಯ, ಉತ್ಸಾಹ ಎಂದು ಬೇಕಾದಷ್ಟಿವೆ. ಇವೆಲ್ಲ ಒಂದೇ ಅರ್ಥದವೆಂಬಂತೆ ಬಳಸುತ್ತೇವೆ. ಆದರೆ ಒಂದೊಂದರ ಹುಟ್ಟೂ ಬೇರೆ. ಬಿಸಿಲಿಗೂ ಬುದ್ಧಿಗೂ ಸಲ್ಲುವ 'ಚುರುಕು' ತಾಗಿದೊಡನೆ ತಿಳಿಯುವ ತೀಕ್ಷ್ಣತೆ. 'ಉಲ್ಲಾಸ'ದ ಮೂಲದಲ್ಲಿ ಹೊಳಪಿದೆ. ಪಾರಸಿಯಿಂದ ಬಂದ 'ಜೋಷ್' ಎಂದರೆ ಕುದಿತ.

'ಉತ್ಸಾಹ'ದ ಚರಿತ್ರೆ ಇವೆಲ್ಲಕ್ಕಿಂತ ಗಂಭೀರ. ಅದರೊಳಗಿರುವುದು 'ಸಹ್' ಧಾತು; ತಾಳುವುದು, ಎದುರಿಸಿ ಗೆಲ್ಲುವುದು ಎಂದು ಅದರ ಅರ್ಥ. 'ಸಹನೆ'ಯೂ ಅದೇ ಬೇರಿನ ಚಿಗುರು. ಕೌಟಿಲ್ಯನ ಅರ್ಥಶಾಸ್ತ್ರವು ರಾಜನ 3 ಶಕ್ತಿಗಳನ್ನು ಹೇಳುವಾಗ ಮಂತ್ರಶಕ್ತಿ, ಪ್ರಭುಶಕ್ತಿಗಳೊಡನೆ ಉತ್ಸಾಹಶಕ್ತಿಯನ್ನೂ ಎಣಿಸಿ, ಅದನ್ನು ವಿಕ್ರಮಬಲವೆಂದು ಕರೆಯಿತು. ಭರತನ ನಾಟ್ಯಶಾಸ್ತ್ರದಲ್ಲಿ ಉತ್ಸಾಹವು ವೀರರಸದ ಸ್ಥಾಯಿಭಾವ. ಯುದ್ಧವೀರನಂತೆ ದಾನವೀರನೂ ಧರ್ಮವೀರನೂ ಆ ರಸಕ್ಕೆ ಸೇರಿದವರು. ಹರ್ಷವನ್ನಾದರೋ ಭರತನು 33 ಸಂಚಾರಿಭಾವಗಳ ಸಾಲಿನಲ್ಲಿಟ್ಟನು. ಹರ್ಷ ಬಂದು ಹೋಗುವಂಥದು, ಉತ್ಸಾಹ ನಿಲ್ಲುವಂಥದು.

ಈ ಭೇದವು ಪಂಡಿತರ ಚರ್ಚೆಗಷ್ಟೇ ಸೇರಿದುದೆಂದು ನನಗೆ ತೋರದು. 60 ದಾಟಿದ ನನ್ನಂಥವರಿಗೆ ಅದರಲ್ಲೊಂದು ಸಮಾಧಾನವಿದೆ. ಮೊಣಕಾಲು ನೋಯುವಾಗ ಲವಲವಿಕೆ ತಗ್ಗೀತು; ಆದರೆ ಹಿಡಿದ ಕೆಲಸವನ್ನು ಬಿಡದೆ ನಡೆಸುವ ತಾಳ್ಮೆ ಉಳಿದಿರುವವರೆಗೆ ಉತ್ಸಾಹ ಬತ್ತಿತೆನ್ನಲಾಗದು. ಮೆಲ್ಲನೆ ನಡೆಯುವವರನ್ನು ಕಂಡು, ಇವರಿಗೆ ಉತ್ಸಾಹವಿಲ್ಲವೆಂದು ಹಳಿಯುವ ಮುನ್ನ ಆ ಮಾತಿನ ಮೂಲಾರ್ಥವನ್ನೊಮ್ಮೆ ನೆನೆಯುವುದು ಒಳಿತು.